ನಾಲ್ಕು ದಿನದ ಬಿಡಾರ

ಪರಸ್ಥಳಕ್ಕೆ ಹೊರಟ ಸಂಸಾರಸ್ಥನನ್ನು ಎಲ್ಲಕ್ಕಿಂತ ಮೊದಲು ಕಾಡುವುದು ಬಿಡಾರದ ಚಿಂತೆ. ಹಿಂದಿನವರು ಯಾತ್ರೆ ಹೊರಟಾಗ ಛತ್ರವನ್ನೋ ಬಂಧುಗಳ ಮನೆಯನ್ನೋ ನೆಚ್ಚಿಕೊಳ್ಳುತ್ತಿದ್ದರು. ಆಮೇಲೆ ಹೋಟೆಲುಗಳ ಕಾಲ ಬಂತು. ಹೋಟೆಲಿನಲ್ಲಿ ಸುಖವೇನೋ ಉಂಟು, ಆದರೆ ಒಲೆಯಿಲ್ಲ. ಮಗುವಿಗೆ ಹಾಲು ಕಾಯಿಸಬೇಕೆಂದರೆ ಮಾಣಿಯನ್ನು ಕರೆಯಬೇಕು. ವಯಸ್ಸಾದ ತಾಯಿಗೆ ಒಂದು ಹಿಡಿ ಮೆತ್ತಗಿನ ಅನ್ನ ಬೇಕೆಂದರೆ ಊರೆಲ್ಲ ಅಲೆಯಬೇಕು. ಈ ಕೊರತೆಯನ್ನು ನೀಗುವ ಮೂರನೆಯ ಬಗೆಯ ಬಿಡಾರವೊಂದು ಈ ಶತಮಾನದಲ್ಲಿ ಜಗತ್ತಿನ ದೊಡ್ಡ ನಗರಗಳಲ್ಲೆಲ್ಲ ಹಬ್ಬಿಕೊಂಡಿದೆ. ಅದೇ ದಿನದ ಲೆಕ್ಕದಲ್ಲಿ ಬಾಡಿಗೆಗೆ ದೊರೆಯುವ ಮನೆ. ನಾಲ್ಕು ದಿನಕ್ಕೋ ಎಂಟು ದಿನಕ್ಕೋ ಬೀಗದಕೈ ನಮ್ಮದು, ಅಡಿಗೆಮನೆ ನಮ್ಮದು, ಕಿಟಕಿಯಿಂದ ಕಾಣುವ ಬೀದಿಯೂ ನಮ್ಮದೇ.

ರಜೆಯ ದಿನಗಳಿಗೆ ಮನೆಯನ್ನು ಬಾಡಿಗೆಗೆ ಕೊಡುವ ವಾಡಿಕೆ ಯೂರೋಪಿನ ಕಡಲತೀರದ ಊರುಗಳಲ್ಲಿ ಬಹುಕಾಲದಿಂದ ಇದ್ದದ್ದೇ. ಅದಕ್ಕೆ ರೆಕ್ಕೆ ಮೂಡಿದ್ದು ಅಮೆರಿಕದ ಸಾನ್ ಫ್ರಾನ್ಸಿಸ್ಕೋ ನಗರದಲ್ಲಿ. 2007ರ ಅಕ್ಟೋಬರಿನಲ್ಲಿ ಬ್ರಯಾನ್ ಚೆಸ್ಕಿ ಮತ್ತು ಜೋ ಗೆಬಿಯಾ ಎಂಬ ಇಬ್ಬರು ತರುಣರು ತಾವಿದ್ದ ಮನೆಯ ಬಾಡಿಗೆ ಹೊಂದಿಸಲು ದಾರಿ ಕಾಣದೆ, ನಡುಮನೆಯಲ್ಲಿ ಗಾಳಿ ತುಂಬಿದ ಹಾಸಿಗೆಗಳನ್ನು ಹಾಸಿ ಮೂವರು ಅಪರಿಚಿತರಿಗೆ ಇಂಬು ಕೊಟ್ಟರು. ಆಗ ಅಲ್ಲಿ ವಿನ್ಯಾಸಕಾರರ ಸಮ್ಮೇಳನವೊಂದು ನಡೆಯುತ್ತಿದ್ದುದರಿಂದ ಹೋಟೆಲುಗಳಲ್ಲಿ ಸ್ಥಳ ದುರ್ಲಭವಾಗಿತ್ತು. ಮರುವರ್ಷ ನಾಥನ್ ಬ್ಲೆಚಾರ್ಜಿಕ್ ಎಂಬ ಮೂರನೆಯವನನ್ನು ಸೇರಿಸಿಕೊಂಡು ಅವರು ತೆರೆದ ಜಾಲತಾಣವೇ ಇಂದಿನ ಏರ್‌ಬಿಎನ್‌ಬಿ. ಇಲ್ಲಿ ಗಮನಿಸತಕ್ಕ ಮಾತೊಂದಿದೆ. ಅಂದು ಮನೆಯವರು ಮನೆಯಲ್ಲಿಯೇ ಇದ್ದರು. ಅತಿಥಿಗಳಿಗೆ ತಿಂಡಿ ಕೊಟ್ಟವರೂ ಅವರೇ. ಬರಬರುತ್ತ ಎಷ್ಟೋ ಕಡೆ ಮನೆಯವರು ಮರೆಯಾದರು. ಬೀಗದಕೈ ಮಾತ್ರ ಉಳಿಯಿತು.

ಇಂಥ ಬಿಡಾರದ ಸೊಗಸನ್ನೂ ಸಂಕಟವನ್ನೂ ಒಟ್ಟಿಗೆ ಕಾಣಬೇಕಾದರೆ ಸ್ಪೇನ್ ದೇಶದ ಬಾರ್ಸಿಲೋನಾ ನಗರವನ್ನು ನೋಡಬೇಕು. ನಮ್ಮವರಿಗೆ ಅದು ತೀರ ಅಪರಿಚಿತ ಊರೇನಲ್ಲ. 2006ರಿಂದ ಅಲ್ಲಿ ನೆರೆಯುತ್ತಿರುವ ಮೊಬೈಲ್ ದೂರವಾಣಿ ಉದ್ಯಮದ ಮಹಾಮೇಳಕ್ಕೆ ಬೆಂಗಳೂರಿನಿಂದ ಹೋಗಿಬರುವವರುಂಟು. ಬೇಸಗೆಯ ರಜೆಯಲ್ಲಿ ಮಕ್ಕಳುಮರಿಗಳೊಡನೆ ಹೋಗುವ ಕುಟುಂಬಗಳೂ ಉಂಟು. ಅಂಥವರಲ್ಲಿ ಅನೇಕರು ಅಡಿಗೆಮನೆಯ ಆಸೆಗಾಗಿಯೇ ಬಾಡಿಗೆ ಮನೆಯನ್ನು ಹುಡುಕುತ್ತಾರೆ. ಆ ನಗರದ ಒಂದು ಪೇಟೆಯನ್ನು ಆರಿಸಿಕೊಂಡು ಈ ವ್ಯವಹಾರದ ಒಳಹೊರಗನ್ನು ನೋಡೋಣ.

ಊರೊಳಗೊಂದು ಊರು

ಬಾರ್ಸಿಲೋನಾದ ನಡುವಿನಿಂದ ಅಗಲವಾದ ರಾಜಬೀದಿಯೊಂದು ಗುಡ್ಡದ ಕಡೆಗೆ ಮೆಲ್ಲಗೆ ಏರುತ್ತ ಹೋಗುತ್ತದೆ. ಅದು ಮುಗಿದಲ್ಲಿ ಬೀದಿಗಳು ಒಮ್ಮೆಲೇ ಕಿರಿದಾಗುತ್ತವೆ, ಕಟ್ಟಡಗಳು ತಗ್ಗುತ್ತವೆ, ನಾಲ್ಕು ಹೆಜ್ಜೆಗೊಂದು ಚೌಕ ಎದುರಾಗುತ್ತದೆ. ಇದೇ ಗ್ರಾಸಿಯಾ. 1897ರಲ್ಲಿ ನಗರಕ್ಕೆ ಸೇರಿಸುವವರೆಗೆ ಇದು ತನ್ನದೇ ಆದ ಪುರಸಭೆಯನ್ನು ಹೊಂದಿದ್ದ ಬೇರೆ ಊರು. ಇಲ್ಲಿನ ಹಳಬರು ಪೇಟೆಯ ಮಧ್ಯಭಾಗಕ್ಕೆ ಹೊರಟರೆ ಇಂದಿಗೂ ‘ಬಾರ್ಸಿಲೋನಾಕ್ಕೆ ಇಳಿದು ಬರುತ್ತೇನೆ’ ಎನ್ನುವುದುಂಟು.

ಹಳೆಯ ಪುರಸಭೆಯ ಮುಂದಿನ ಚೌಕದಲ್ಲಿ 33 ಮೀಟರು ಎತ್ತರದ ಗಡಿಯಾರದ ಗೋಪುರ ನಿಂತಿದೆ. 1870ರಲ್ಲಿ ಸರಕಾರವು ಬಡವರ ಮಕ್ಕಳನ್ನು ಬಲವಂತದಿಂದ ಸೈನ್ಯಕ್ಕೆ ಸೇರಿಸಲು ಹೊರಟಾಗ ಗ್ರಾಸಿಯಾದ ಜನ ದಂಗೆಯೆದ್ದರು. ಸೈನ್ಯ ಗುಂಡು ಹಾರಿಸುತ್ತಿದ್ದರೂ ಈ ಗೋಪುರದ ಗಂಟೆ ಬಿಡದೆ ಬಾರಿಸುತ್ತಿತ್ತಂತೆ. ಆ ಗಂಟೆಯ ಹೆಸರನ್ನೇ ಇಟ್ಟುಕೊಂಡು ಅದೇ ವರ್ಷ ಕತಲಾನ್ ಭಾಷೆಯ ವಿನೋದ ವಾರಪತ್ರಿಕೆಯೊಂದು ಹುಟ್ಟಿ 1934ರವರೆಗೆ ಬಾಳಿತು. ಇನ್ನೊಂದು ಚೌಕದ ಹೆಸರು ‘ದಿಯಮಾನ್’, ಎಂದರೆ ವಜ್ರ. ಮೆರ್ಸೆ ರೊದೊರೆದಾ ಎಂಬ ಲೇಖಕಿ 1962ರಲ್ಲಿ ಪ್ರಕಟಿಸಿದ ಕಾದಂಬರಿಯಿಂದ ಆ ಚೌಕದ ಹೆಸರು ಹಲವು ಭಾಷೆಗಳಿಗೆ ಹೋಗಿದೆ. ಯುದ್ಧಕಾಲದಲ್ಲಿ ಮನೆಯೊಂದನ್ನು ನಡೆಸಿದ ಸಾಮಾನ್ಯ ಹೆಣ್ಣಿನ ಕಥೆ ಅದು. 1936ರಿಂದ 1939ರವರೆಗೆ ನಡೆದ ಅಂತರ್ಯುದ್ಧದಲ್ಲಿ ಬಾಂಬುಗಳಿಂದ ಪಾರಾಗಲು ನೆರೆಹೊರೆಯವರು ಕೂಡಿ ಅಗೆದ ಸುರಂಗ ಈ ಚೌಕದ ಅಡಿಯಲ್ಲಿ ಈಗಲೂ ಇದೆ.

ಆಗಸ್ಟ್ ತಿಂಗಳ ನಡುವಿನಲ್ಲಿ ಒಂದು ವಾರ ಗ್ರಾಸಿಯಾದಲ್ಲಿ ಊರಹಬ್ಬ. 2017ರಲ್ಲಿ ಅದಕ್ಕೆ ಇನ್ನೂರು ವರ್ಷ ತುಂಬಿತು. ಒಂದೊಂದು ಬೀದಿಯವರೂ ತಮ್ಮ ಬೀದಿಗೆ ಬೇರೆ ಬೇರೆ ರೂಪ ಕೊಡುತ್ತಾರೆ. ಒಂದು ಬೀದಿ ಕಾಡಾದರೆ ಇನ್ನೊಂದು ಕಡಲಡಿಯ ಲೋಕ. ಸಾಮಗ್ರಿಯೆಲ್ಲ ಖಾಲಿ ಸೀಸೆ, ರಟ್ಟು, ಹಳೆಯ ಕಾಗದ. ಯಾವ ಬೀದಿ ಚೆನ್ನ ಎಂಬುದಕ್ಕೆ ಬಹುಮಾನವೂ ಉಂಟು. ನೋಡಲು ಲಕ್ಷಾಂತರ ಜನ ಬರುತ್ತಾರೆ. ಆದರೆ ಆ ಒಂದು ವಾರಕ್ಕಾಗಿ ಬೀದಿಯ ಅಜ್ಜಿಯರೂ ಮಕ್ಕಳೂ ಎಷ್ಟೋ ತಿಂಗಳ ಸಂಜೆಗಳನ್ನು ಕತ್ತರಿ, ಗೋಂದುಗಳೊಡನೆ ಕಳೆದಿರುತ್ತಾರೆ. ಈ ಮಾತನ್ನು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಬಿಡಾರದ ಒಳಗೆ

ಇಂಥ ಪೇಟೆಯಲ್ಲಿ ಸಿಕ್ಕುವ ಬಿಡಾರ ಹೇಗಿರುತ್ತದೆ? ಮೊದಲನೆಯ ಅಚ್ಚರಿ ಮೆಟ್ಟಿಲಿನದು. ‘ಎರಡನೆಯ ಮಹಡಿ’ ಎಂದು ವಿಳಾಸದಲ್ಲಿ ಓದಿ ನಿಶ್ಚಿಂತರಾದವರು ಏರುತ್ತ ಏರುತ್ತ ಉಸಿರು ಬಿಡುತ್ತಾರೆ. ಅಲ್ಲಿನ ಹಳೆಯ ಕಟ್ಟಡಗಳಲ್ಲಿ ನೆಲಮನೆಯ ಮೇಲೆ ‘ಎಂತ್ರೆಸೋಲ್’ ಎಂಬ ಗಿಡ್ಡ ಮಾಳಿಗೆ, ಅದರ ಮೇಲೆ ಒಡೆಯರಿಗೆಂದು ಕಟ್ಟಿದ ‘ಪ್ರಿನ್ಸಿಪಾಲ್’ ಎಂಬ ಹಿರಿಯ ಮಾಳಿಗೆ ಇರುವುದುಂಟು. ‘ಒಂದನೆಯದು’ ಎಂಬ ಎಣಿಕೆ ಆರಂಭವಾಗುವುದೇ ಇವುಗಳ ಮೇಲೆ. ಹಾಗಾಗಿ ಎರಡನೆಯ ಮಹಡಿಯೆಂದರೆ ನಮ್ಮ ಲೆಕ್ಕದಲ್ಲಿ ನಾಲ್ಕನೆಯದಾದರೂ ಆಶ್ಚರ್ಯವಿಲ್ಲ. ಎಲ್ಲ ಹಳೆಯ ಕಟ್ಟಡಗಳಲ್ಲಿಯೂ ಲಿಫ್ಟು ಇರುವುದಿಲ್ಲ. ಮೊಣಕಾಲು ನೋವಿನ ಹಿರಿಯರನ್ನು ಕರೆದೊಯ್ಯುವವರು ಇದನ್ನು ಮುಂಚಿತವಾಗಿ ವಿಚಾರಿಸಬೇಕು.

ಒಳಗೆ ಸಾಮಾನ್ಯವಾಗಿ ಬಣ್ಣದ ಚಿತ್ತಾರದ ಹಳೆಯ ನೆಲಹಾಸು, ಬೀದಿಗೆ ತೆರೆಯುವ ಕಿರಿದಾದ ಮೊಗಸಾಲೆ, ಅದರ ಮೇಲೆ ಹಗ್ಗ ಜಗ್ಗಿ ಸುತ್ತಿಡುವ ಹಸಿರು ಮರಪಟ್ಟಿಯ ತೆರೆ. ಕಟ್ಟಡದ ನಡುವೆ ಮೇಲಿನಿಂದ ಕೆಳಗಿನವರೆಗೆ ಬಾವಿಯಂತೆ ಬಿಟ್ಟ ಒಂದು ಬೆಳಕುಗಂಡಿ. ಬಚ್ಚಲು, ಅಡಿಗೆಮನೆಗಳ ಕಿಟಕಿಗಳು ಅದಕ್ಕೇ ತೆರೆಯುತ್ತವೆ. ಕೆಳಗಿನ ಮನೆಯ ಒಗ್ಗರಣೆಯ ವಾಸನೆ ಮೇಲಿನ ಮನೆಗೆ. ಮೇಲಿನ ಮನೆಯ ಮಾತು ಕೆಳಗಿನ ಮನೆಗೆ. ನಮ್ಮ ಹಳೆಯ ವಠಾರಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೀದಿಯಲ್ಲಿ ಕಿತ್ತಳೆ ಬಣ್ಣದ ಗ್ಯಾಸ್ ಸಿಲಿಂಡರುಗಳನ್ನು ಟಣಟಣ ಬಡಿಯುತ್ತ ಬರುವವನ ಸದ್ದೂ ನಮಗೆ ಹೊಸದಲ್ಲ. ಆ ಭಾರವನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲೇರುವವರಲ್ಲಿ ನಮ್ಮ ಉಪಖಂಡದಿಂದ ಹೋದವರೂ ಇದ್ದಾರೆ.

ಬೆಳಗ್ಗೆ ಬ್ರೆಡ್ಡಿಗೆ ಟೊಮ್ಯಾಟೋ ಉಜ್ಜಿ ಆಲಿವ್ ಎಣ್ಣೆ ಹನಿಸಿ ತಿನ್ನುವುದು ಆ ಸೀಮೆಯ ಪದ್ಧತಿ. ಮಧ್ಯಾಹ್ನದ ಊಟಕ್ಕೆ ಎರಡು ಗಂಟೆ, ರಾತ್ರಿಯ ಊಟಕ್ಕೆ ಒಂಬತ್ತು. ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುವುದರಿಂದ ಶನಿವಾರವೇ ತರಕಾರಿ ತಂದಿಡುವುದು ಕ್ಷೇಮ. ರವಾಲ್ ಎಂಬ ಪೇಟೆಯಲ್ಲಿ ದಕ್ಷಿಣ ಏಷ್ಯಾದವರ ಅಂಗಡಿಗಳಿವೆ. ಅಕ್ಕಿ, ಬೇಳೆ, ಮೆಣಸಿನ ಪುಡಿಗಳಿಗೆ ಕೊರತೆಯಿಲ್ಲ. ಹೀಗೆ ಕಡಲಾಚೆಯ ಊರಿನಲ್ಲಿಯೂ ನಮ್ಮ ಗೃಹಿಣಿ ಸಾರಿನ ಪಾತ್ರೆಯನ್ನು ಒಲೆಯ ಮೇಲಿಟ್ಟು, ಕಿಟಕಿಯಿಂದ ಚೌಕದಲ್ಲಿ ಚೆಂಡಾಡುವ ಮಕ್ಕಳನ್ನು ನೋಡುತ್ತ ನಿಲ್ಲಬಹುದು. ಹೋಟೆಲು ಎಷ್ಟೇ ದೊಡ್ಡದಾದರೂ ಈ ಸುಖವನ್ನು ಕೊಡಲಾರದು.

ಗೋಡೆಯ ಆಚೆಗೆ

ಈಗ ಅದೇ ಮೆಟ್ಟಿಲನ್ನು ದಿನವೂ ಏರಿಳಿಯುವ ಎದುರುಮನೆಯವರ ಪಾಡನ್ನು ಯೋಚಿಸಬೇಕು. ನಮಗೆ ಇದು ನಾಲ್ಕು ದಿನದ ಬಿಡಾರ. ಅವರಿಗೆ ಜೀವಮಾನದ ಮನೆ. ನಾವು ರಜೆಯಲ್ಲಿದ್ದೇವೆ, ಅವರು ಬೆಳಗ್ಗೆ ಏಳಕ್ಕೆ ಕೆಲಸಕ್ಕೆ ಹೊರಡಬೇಕು. ನಾವು ಹೋದ ಮೇಲೆ ಇನ್ನೊಬ್ಬರು, ಅವರು ಹೋದ ಮೇಲೆ ಮತ್ತೊಬ್ಬರು. ನಡುರಾತ್ರಿ ಗಾಲಿಪೆಟ್ಟಿಗೆಗಳು ಮೆಟ್ಟಿಲಿಗೆ ಬಡಿಯುವ ಸದ್ದು. ಯಾವ ಬೀಗದಕೈ ಯಾವ ಬಾಗಿಲಿಗೆ ಎಂದು ತಿಳಿಯದೆ ಒತ್ತಿದ ಕರೆಗಂಟೆ. ಬೆಳಕುಗಂಡಿಯಲ್ಲಿ ಮೊಳಗುವ ನಗು. ಒಂದೊಂದು ಗುಂಪೂ ತನ್ನ ಮಟ್ಟಿಗೆ ಸಭ್ಯವೇ ಇರಬಹುದು. ಆದರೆ ವರ್ಷಕ್ಕೆ ಅರುವತ್ತು ಎಪ್ಪತ್ತು ಗುಂಪುಗಳಿಗೆ ಹೊಸದಾಗಿ ನೆರೆಯವರಾಗುವುದು ಯಾವ ಮುದುಕಿಗೂ ಸಾಧ್ಯವಾಗದು.

ಬೀದಿಯ ಗದ್ದಲಕ್ಕೆಲ್ಲ ಬಿಡಾರದವರೇ ಕಾರಣರೆನ್ನುವುದು ನ್ಯಾಯವಲ್ಲ. ಗ್ರಾಸಿಯಾದ ‘ಸೊಲ್’, ಎಂದರೆ ಸೂರ್ಯ, ಎಂಬ ಚೌಕದಲ್ಲಿ ಊರಿನ ತರುಣರೇ ನಡುರಾತ್ರಿ ಮೀರಿ ಕೂತು ಹರಟುತ್ತಾರೆ. ಅಲ್ಲಿನ ನಿವಾಸಿಗಳು 2017ರಲ್ಲಿ ತಮ್ಮ ಮೊಗಸಾಲೆಗಳಲ್ಲಿ ಸಣ್ಣ ಶಬ್ದಮಾಪಕಗಳನ್ನಿಟ್ಟು, ರಾತ್ರಿಯ ಸದ್ದು ಎಷ್ಟಿದೆಯೆಂದು ತಾವೇ ಅಳೆದು ನಗರಸಭೆಯ ಮುಂದಿಟ್ಟರು. ತರುಣರಿಗಾದರೋ ನೆರೆಯವರು ತಿಳಿಹೇಳಬಹುದು. ನಾಳೆ ಮತ್ತೆ ಅದೇ ಬೀದಿಯಲ್ಲಿ ಮುಖ ನೋಡಬೇಕೆಂಬ ಅಂಜಿಕೆ ಅವರಿಗಿರುತ್ತದೆ. ನಾಳೆ ವಿಮಾನ ಹತ್ತುವವನಿಗೆ ಆ ಅಂಜಿಕೆ ಎಲ್ಲಿಂದ ಬರಬೇಕು?

ಲೆಕ್ಕದ ಮಾತು

ಗದ್ದಲವನ್ನು ಸಹಿಸಿಕೊಳ್ಳಬಹುದು; ಬಾಡಿಗೆಯ ಏರಿಕೆಯನ್ನು ಸಹಿಸುವುದು ಕಷ್ಟ. 2024ರಲ್ಲಿ ಬಾರ್ಸಿಲೋನಾದಲ್ಲಿ ಸಾಧಾರಣ ಮನೆಯೊಂದರ ಸರಾಸರಿ ಬಾಡಿಗೆ ತಿಂಗಳಿಗೆ 1,100 ಯೂರೋಗಳ ಆಸುಪಾಸಿನಲ್ಲಿತ್ತು. ಉದಾಹರಣೆಗೆ, ಅಂಥದೇ ಮನೆಯನ್ನು ರಾತ್ರಿಗೆ 150 ಯೂರೋಗಳಂತೆ ತಿಂಗಳಲ್ಲಿ 20 ರಾತ್ರಿ ಪ್ರವಾಸಿಗಳಿಗೆ ಕೊಟ್ಟರೆಂದು ಇಟ್ಟುಕೊಳ್ಳೋಣ, 3,000 ಯೂರೋಗಳಾದವು. ಸ್ವಚ್ಛ ಮಾಡುವವರ ಕೂಲಿ, ಜಾಲತಾಣದ ದಲ್ಲಾಳಿ, ತೆರಿಗೆಗಳನ್ನು ಕಳೆದರೂ ತಿಂಗಳ ಬಾಡಿಗೆಗಿಂತ ಹೆಚ್ಚೇ ಉಳಿಯುತ್ತದೆ. ಈ ಲೆಕ್ಕ ಮನೆಯೊಡೆಯನ ತಲೆಗೆ ಹೊಕ್ಕ ಮೇಲೆ, ಕರಾರಿನ ಅವಧಿ ಮುಗಿದ ಒಕ್ಕಲಿಗೆ ಬಿಡಿಸುವ ನೋಟೀಸು ಬರುವುದು ತಡವಾಗದು.

ಈ ಬಗ್ಗೆ ಬಾರ್ಸಿಲೋನಾದ ಅರ್ಥಶಾಸ್ತ್ರಜ್ಞರು ನಡೆಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಇಂಥ ಬಿಡಾರಗಳಿಂದಾಗಿ ಸಾಮಾನ್ಯ ಪೇಟೆಯೊಂದರಲ್ಲಿ ಬಾಡಿಗೆ ನೂರಕ್ಕೆ 1.9ರಷ್ಟು ಏರಿತ್ತು. ಬಿಡಾರಗಳು ದಟ್ಟವಾಗಿರುವ ಪೇಟೆಗಳಲ್ಲಾದರೋ ಬಾಡಿಗೆ ನೂರಕ್ಕೆ 7ರಷ್ಟು, ಮನೆಗಳ ಮಾರಾಟದ ಬೆಲೆ ನೂರಕ್ಕೆ 17ರಷ್ಟು ಏರಿದ್ದುದು ಕಂಡುಬಂತು. ಅಂಕಿಗಳು ಎರಡು ಸಂಗತಿಗಳನ್ನು ಹೇಳುತ್ತವೆ. ಇಡೀ ನಗರದ ಬಾಡಿಗೆಯ ಬೇಗೆಗೆ ಬಿಡಾರಗಳೊಂದೇ ಕಾರಣವಲ್ಲ. ಆದರೆ ಪ್ರವಾಸಿಗಳು ಮೆಚ್ಚಿದ ಪೇಟೆಗಳಲ್ಲಿ ಪೆಟ್ಟು ಬಲವಾಗಿಯೇ ಬಿದ್ದಿದೆ.

ಇಲ್ಲಿಯೇ ಈ ವ್ಯಾಪಾರದ ಒಳಗುಟ್ಟು ಇರುವುದು. ಗ್ರಾಸಿಯಾದಲ್ಲಿ ಬಿಡಾರ ಹುಡುಕುವವನು ಕೊಳ್ಳುವುದು ನಾಲ್ಕು ಗೋಡೆಗಳನ್ನಷ್ಟೇ ಏನು? ಚೌಕದ ಮಕ್ಕಳು, ಮೂಲೆಯ ರೊಟ್ಟಿಯಂಗಡಿ, ಮೊಗಸಾಲೆಯ ಹೂಕುಂಡ, ಆಗಸ್ಟಿನ ಬೀದಿಯಲಂಕಾರ, ಇವೆಲ್ಲಕ್ಕಾಗಿಯೇ ಅವನು ಹಣ ತೆರುತ್ತಾನೆ. ಇವನ್ನು ಉಂಟುಮಾಡಿದವರು ಅಲ್ಲಿನ ನಿವಾಸಿಗಳು. ಆ ಹಣದಲ್ಲಿ ಅವರಿಗೆ ಬಿಡಿಗಾಸಿನ ಪಾಲೂ ಇಲ್ಲ. ಒಂದೊಂದು ಮನೆ ಬಿಡಾರವಾದಾಗಲೂ ಗೋಂದು ಕತ್ತರಿ ಹಿಡಿಯುವ ಎರಡು ಕೈ ಬೀದಿಯಿಂದ ಕಡಿಮೆಯಾಗುತ್ತದೆ. ನಾಲ್ಕು ದಿನಕ್ಕೆ ಬಂದವನು ರಟ್ಟಿನ ಕಾಡನ್ನು ಕಟ್ಟುವನೇ? ಹೀಗೆ ಬೀದಿಯ ಕಳೆಯನ್ನು ಮಾರುತ್ತ ಮಾರುತ್ತ ಆ ಕಳೆಯೇ ಕುಂದುತ್ತದೆ.

ನಗರದ ತೀರ್ಮಾನ

ಜನರ ಅಸಮಾಧಾನ ಬೀದಿಗಿಳಿದದ್ದು 2014ರ ಆಗಸ್ಟಿನಲ್ಲಿ. ಮೀನುಗಾರರ ಹಳೆಯ ಕೇರಿಯಾದ ಬಾರ್ಸಿಲೊನೆತಾದಲ್ಲಿ ಕೆಲವು ಪ್ರವಾಸಿಗಳು ಹಗಲಿನಲ್ಲಿ ಬತ್ತಲೆಯಾಗಿ ಅಂಗಡಿಗೆ ನುಗ್ಗಿದ್ದೇ ನೆಪವಾಗಿ ನಿವಾಸಿಗಳು ದಿನಗಟ್ಟಲೆ ಮೆರವಣಿಗೆ ನಡೆಸಿದರು. ಅದೇ ವರ್ಷ ನಗರಸಭೆ ಹೊಸ ಪರವಾನಗಿಗಳನ್ನು ನಿಲ್ಲಿಸಿತು. 2017ರಲ್ಲಿ ಪ್ರವಾಸಿ ವಸತಿಗಳಿಗೆಂದೇ ವಿಶೇಷ ಯೋಜನೆಯೊಂದು ಜಾರಿಗೆ ಬಂದು, ಎಲ್ಲಿ ಎಷ್ಟು ಇರಬೇಕೆಂಬುದಕ್ಕೆ ಕಟ್ಟುಬಿತ್ತು. ಪರವಾನಗಿಯಿಲ್ಲದ ಬಿಡಾರಗಳನ್ನು ಪತ್ತೆಹಚ್ಚಲು ಮನೆಮನೆ ತಿರುಗುವ ತನಿಖೆದಾರರು ನೇಮಕವಾದರು.

ಬಳಿಕ 2024ರ ಜೂನ್ 21ರಂದು ಮೇಯರ್ ಜೌಮೆ ಕೊಲ್ಬೊನಿ ಎಲ್ಲರನ್ನೂ ಬೆರಗುಗೊಳಿಸಿದ ಪ್ರಕಟಣೆಯನ್ನು ಹೊರಡಿಸಿದರು. ನಗರದಲ್ಲಿ ಪರವಾನಗಿ ಪಡೆದ 10,101 ಬಿಡಾರಗಳಲ್ಲಿ ಒಂದನ್ನೂ 2028ರ ನವೆಂಬರಿನ ಬಳಿಕ ಮುಂದುವರಿಸುವುದಿಲ್ಲ. ಆ ಮನೆಗಳೆಲ್ಲ ನಿವಾಸಿಗಳಿಗೆ ಹಿಂದಿರುಗಬೇಕು. ಹಿಂದಿನ ಹತ್ತು ವರ್ಷಗಳಲ್ಲಿ ಬಾಡಿಗೆ ನೂರಕ್ಕೆ 68ರಷ್ಟೂ ಮನೆಗಳ ಬೆಲೆ ನೂರಕ್ಕೆ 38ರಷ್ಟೂ ಏರಿದ್ದನ್ನು ಅವರು ಕಾರಣವಾಗಿ ಕೊಟ್ಟರು. ಇದಕ್ಕೆ ಆಧಾರವಾದ ಕತಲೋನಿಯಾ ಪ್ರಾಂತದ 2023ರ ಕಾನೂನನ್ನು ಪ್ರಶ್ನಿಸಿದ ಅರ್ಜಿಯನ್ನು ಸ್ಪೇನಿನ ಸಂವಿಧಾನ ನ್ಯಾಯಾಲಯ 2025ರ ಮಾರ್ಚಿನಲ್ಲಿ ತಳ್ಳಿಹಾಕಿತು. ಅಟ್ಲಾಂಟಿಕ್ ಆಚೆಗೆ ನ್ಯೂಯಾರ್ಕ್ ನಗರವೂ 2023ರ ಸೆಪ್ಟೆಂಬರಿನಿಂದ ಕಟ್ಟುನಿಟ್ಟು ಹಿಡಿದಿದೆ. ಅಲ್ಲಿ 30 ದಿನಕ್ಕಿಂತ ಕಡಿಮೆ ಅವಧಿಗೆ ಅತಿಥಿಗಳನ್ನು ಇರಿಸಿಕೊಳ್ಳಬೇಕಾದರೆ ಮನೆಯವರು ಮನೆಯಲ್ಲಿಯೇ ಇರಬೇಕು. ಅತಿಥಿಗಳು ಇಬ್ಬರನ್ನು ಮೀರಬಾರದು. ಸಾನ್ ಫ್ರಾನ್ಸಿಸ್ಕೋದ ಆ ಮೊದಲ ನಡುಮನೆಯ ಪದ್ಧತಿಗೇ ಮರಳಿದಂತಾಯಿತು.

ಬಿಡಾರದ ಒಡೆಯರ ವಾದವನ್ನೂ ಕೇಳಬೇಕು. ನಗರದ ಒಟ್ಟು ಮನೆಗಳಲ್ಲಿ ತಮ್ಮ ಪಾಲು ನೂರಕ್ಕೆ ಒಂದೆರಡು ಮಾತ್ರ. ಹೊಸ ಮನೆಗಳನ್ನು ಕಟ್ಟದ ತಪ್ಪನ್ನು ತಮ್ಮ ತಲೆಗೆ ಕಟ್ಟಲಾಗುತ್ತಿದೆ. ಪರವಾನಗಿ ಪಡೆದು, ತೆರಿಗೆ ಕೊಟ್ಟು ನಡೆಸಿದ ಉದ್ಯೋಗವನ್ನು ಒಂದೇ ಏಟಿಗೆ ಮುಚ್ಚಿದರೆ ಕಳ್ಳ ಬಿಡಾರಗಳು ಹೆಚ್ಚುತ್ತವೆ ಎಂಬುದು ಅವರ ದೂರು. ಮಕ್ಕಳೊಡನೆ ಬರುವ ಕುಟುಂಬಗಳು ಹೋಟೆಲಿನಲ್ಲಿ ಎರಡೆರಡು ಕೋಣೆ ಹಿಡಿಯುವ ಖರ್ಚನ್ನು ಎಲ್ಲಿಂದ ತರಬೇಕು ಎಂಬ ಪ್ರಶ್ನೆಯೂ ಪೊಳ್ಳಲ್ಲ. ಒಂದೇ ಮನೆಯ ಆದಾಯದಿಂದ ಬಾಳು ಸಾಗಿಸುವ ಒಡೆಯರಿದ್ದಾರೆ. ಒಂದೇ ಸಂಸ್ಥೆಯ ಕೈಯಲ್ಲಿ ಹತ್ತಾರು ಮನೆಗಳಿರುವುದೂ ಉಂಟು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು ಸರಿಯೇ ಎಂಬ ಚರ್ಚೆ ಸುಲಭವಾಗಿ ಮುಗಿಯುವಂಥದಲ್ಲ.

ಹೋಗುವವರಿಗೆ ನಾಲ್ಕು ಮಾತು

ಈ ನಡುವೆ ಅಲ್ಲಿಗೆ ಹೋಗುವ ನಮ್ಮ ಕುಟುಂಬಗಳು ಏನು ಮಾಡಬೇಕು? ಮೊದಲನೆಯದಾಗಿ, ಬಿಡಾರಕ್ಕೆ ಪರವಾನಗಿ ಇದೆಯೇ ಎಂದು ನೋಡಬೇಕು. ಬಾರ್ಸಿಲೋನಾದ ಪರವಾನಗಿ ಸಂಖ್ಯೆ ‘ಎಚ್.ಯು.ಟಿ.ಬಿ.’ ಎಂಬ ನಾಲ್ಕು ಅಕ್ಷರಗಳಿಂದ ಆರಂಭವಾಗುತ್ತದೆ. ಜಾಹೀರಾತಿನಲ್ಲಿ ಅದು ಕಾಣದಿದ್ದರೆ ಆ ಮನೆಯ ಗೊಡವೆ ಬೇಡ. 2025ರ ಜುಲೈಯಿಂದ ಸ್ಪೇನಿನಾದ್ಯಂತ ರಾಷ್ಟ್ರೀಯ ನೋಂದಣಿ ಸಂಖ್ಯೆಯೂ ಕಡ್ಡಾಯವಾಗಿದೆ. ಎರಡನೆಯದಾಗಿ, ಬಾಡಿಗೆಯಲ್ಲದೆ ರಾತ್ರಿಗೆ ತಲೆಗಿಷ್ಟೆಂದು ಪ್ರವಾಸಿ ತೆರಿಗೆಯುಂಟು. 16 ವರ್ಷದವರೆಗಿನ ಮಕ್ಕಳಿಗೆ ವಿನಾಯಿತಿ. ಸ್ವಚ್ಛತೆಯ ಶುಲ್ಕವನ್ನೂ ಬಾಡಿಗೆಯೊಡನೆ ಕೂಡಿಸಿ ನೋಡಿದ ಮೇಲೆಯೇ ಹೋಟೆಲಿನ ದರಕ್ಕೆ ಹೋಲಿಸಬೇಕು. ಇಬ್ಬರೇ ಹೋಗುವುದಾದರೆ, ಒಲೆಯ ಅಗತ್ಯವೂ ಇಲ್ಲವಾದರೆ, ಸಣ್ಣ ಹೋಟೆಲೇ ಮೇಲು. ಅದರಿಂದ ಯಾರ ಮನೆಯೂ ಕಡಿಮೆಯಾಗದು.

ಮೂರನೆಯದು ನಡತೆಯ ಮಾತು. ರಾತ್ರಿ ಹತ್ತರ ಮೇಲೆ ಪೆಟ್ಟಿಗೆಯನ್ನು ಎತ್ತಿಕೊಂಡು ಮೆಟ್ಟಿಲೇರಬೇಕು. ಬೆಳಕುಗಂಡಿಯ ಕಡೆಯ ಕಿಟಕಿ ತೆರೆದು ದೂರವಾಣಿಯಲ್ಲಿ ಊರಿಗೆ ಕೂಗಿ ಮಾತಾಡಬಾರದು. ನಮ್ಮ ಕಡೆ ಬೆಳಗಾದಾಗ ಅವರಲ್ಲಿ ಇನ್ನೂ ನಡುರಾತ್ರಿ ಎಂಬುದನ್ನು ಮರೆಯಬಾರದು. ಕಸವನ್ನು ಅಲ್ಲಿನ ಪದ್ಧತಿಯಂತೆ ಬೇರ್ಪಡಿಸಿ ಬೀದಿಯ ಡಬ್ಬಿಗಳಿಗೆ ಹಾಕಬೇಕು. ನಾಲ್ಕನೆಯದಾಗಿ, ಮೆಟ್ಟಿಲಿನಲ್ಲಿ ಎದುರಾದವರಿಗೆ ‘ಬೋನ್ ದಿಯಾ’ ಎನ್ನಬೇಕು. ಕತಲಾನ್ ಭಾಷೆಯ ಶುಭೋದಯ ಅದು. ತಮ್ಮ ನುಡಿಯ ಮೇಲೆ ಆ ಜನರಿಗೆ ಎಷ್ಟು ಅಭಿಮಾನವೆಂಬುದು ಕನ್ನಡಿಗರಿಗೆ ಬೇಗ ಅರ್ಥವಾದೀತು.

ಮನೆಯ ಪ್ರಶ್ನೆ ಇಷ್ಟರಿಂದ ಬಗೆಹರಿಯುವುದಿಲ್ಲ, ನಿಜ. ಅದು ಕಾನೂನು ಮಾಡುವವರ, ಮನೆ ಕಟ್ಟುವವರ ಕೆಲಸ. ಆದರೆ ಅತಿಥಿಗೂ ಒಂದು ಧರ್ಮವಿದೆಯೆಂದು ನಮ್ಮ ಹಿರಿಯರು ತಿಳಿದಿದ್ದರು. ಛತ್ರದಲ್ಲಿ ತಂಗಿದವರು ಹೊರಡುವ ಮುನ್ನ ಜಗುಲಿಯನ್ನು ಗುಡಿಸಿ ಹೋಗುವುದು ಸರಿಯೆಂದು ಹೇಳಿಕೊಟ್ಟಿದ್ದರು. ಗ್ರಾಸಿಯಾದ ಮನೆಯಲ್ಲಿ ನಾಲ್ಕು ದಿನ ಸಾರು ಕುದಿಸಿ ಉಂಡವರು, ಬೀಗದಕೈ ಒಪ್ಪಿಸುವಾಗ ಎದುರುಮನೆಯ ನಿದ್ದೆ ಕೆಡಲಿಲ್ಲವೆಂಬ ಸಮಾಧಾನವನ್ನಾದರೂ ಹೊತ್ತು ಹಿಂದಿರುಗಲಿ. 2028ರ ನವೆಂಬರ್ ಕಳೆದ ಮೇಲೆ ಆ ಮನೆಯಲ್ಲಿ ಯಾರ ಒಲೆ ಉರಿಯುತ್ತದೆಯೋ, ಅವರಿಗೆ ಒಳ್ಳೆಯದಾಗಲಿ.